ಹಾಕಿಂಗ್ ವಿಕಿರಣ: 'ಜೋಡಿ ಕಣ'ದ ಚಿತ್ರ ಬಿಟ್ಟು ಜೋಗದ ನೀರಿನಿಂದ ವಿವರಿಸಬಹುದೇ?

ಸಾಗರ_ಭೌತ ಕೇಳಿದ್ದು:

ಮುಂದಿನ ತಿಂಗಳು ಸಾಗರದಲ್ಲಿ ದ್ವಿತೀಯ ಪಿಯುಸಿ ಮತ್ತು ಬಿಎಸ್ಸಿ ಮಕ್ಕಳಿಗೆ ಒಂದೂವರೆ ಗಂಟೆಯ ಕಾರ್ಯಕ್ರಮ ಇದೆ. ಕಪ್ಪುಕುಳಿಯ ಹೊರೈಝನ್‌ನ ಬಗ್ಗೆ ಕ್ವಾಂಟಂ ಮೆಕ್ಯಾನಿಕ್ಸ್ ಏನು ಹೇಳುತ್ತದೆ ಎಂಬುದೇ ವಿಷಯ. (ಹೊರೈಝನ್ ಅಂದರೆ ದಾಟಿದ ಬೆಳಕೂ ಮರಳಿ ಬರಲಾಗದ ಗಡಿ.) ಮಕ್ಕಳಿಗೆ ಡಿಫರೆನ್ಸಿಯೇಶನ್, ಎಕ್ಸ್‌ಪೊನೆನ್ಷಿಯಲ್, ಅಲೆಯ ಸಮೀಕರಣ ಗೊತ್ತು. ಸಾಮಾನ್ಯ ಸಾಪೇಕ್ಷತೆ ಗೊತ್ತಿಲ್ಲ.

ಜನಪ್ರಿಯ ಬರಹಗಳಲ್ಲಿ ಎಲ್ಲೆಲ್ಲೂ ಒಂದೇ ಚಿತ್ರ: ಹೊರೈಝನ್‌ನ ಅಂಚಿನಲ್ಲಿ ಶೂನ್ಯದಿಂದ ಎರಡು ಕಣ ಹುಟ್ಟುತ್ತವೆ, ಋಣ ಶಕ್ತಿಯದ್ದು ಒಳಗೆ ಬೀಳುತ್ತದೆ, ಧನ ಶಕ್ತಿಯದ್ದು ಹಾಕಿಂಗ್ ವಿಕಿರಣವಾಗಿ ಹೊರಗೆ ಓಡುತ್ತದೆ, ಕುಳಿಯ ತೂಕ ಇಳಿಯುತ್ತದೆ. ಇದನ್ನು ಹೇಳಿದ ತಕ್ಷಣ ಚುರುಕಾದ ಮಕ್ಕಳು ಕೇಳುವುದು ಇದು: ಋಣ ಶಕ್ತಿಯ ಕಣವೇ ಯಾವಾಗಲೂ ಒಳಗೆ ಬೀಳಬೇಕು ಅಂತ ಯಾರು ನಿಯಮ ಮಾಡಿದರು? ಅರ್ಧ ಸಲ ಧನ ಕಣ ಒಳಗೆ ಬಿದ್ದರೆ ಲೆಕ್ಕ ಸೊನ್ನೆಗೆ ಬರಬೇಕಲ್ಲ? ಆ ಚಿತ್ರ ಇಟ್ಟುಕೊಂಡು ಇದಕ್ಕೆ ಉತ್ತರ ಕೊಡಲು ಆಗುವುದಿಲ್ಲ.

ನಮ್ಮ ಮಕ್ಕಳಿಗೆ ಜೋಗ ಪಕ್ಕದ ಊರು. ಶರಾವತಿಯ ಸೆಳವಿನಲ್ಲಿ ಮೇಲಕ್ಕೆ ಈಜಲಾಗದ ಮೀನು ಅಂತ ಶುರುಮಾಡಿದರೆ ಹೊರೈಝನ್ ಅರ್ಥವಾಗುತ್ತದೆ. ಆದರೆ ಅಲ್ಲಿಂದ ಹಾಕಿಂಗ್ ತಾಪಮಾನದ ತನಕ ಸುಳ್ಳು ಹೇಳದೆ ಹೋಗಲು ದಾರಿ ಇದೆಯೇ? ಕ್ಯಾಲ್ಕುಲೇಟರಿನಲ್ಲಿ ಮಕ್ಕಳೇ ಮಾಡಬಹುದಾದ ಲೆಕ್ಕಗಳೂ ಬೇಕು. ತಿಳಿದವರು ದಯವಿಟ್ಟು ಹೇಳಿ.

---

ತಲಕಳಲೆ ಉತ್ತರ:

ಸರ್, ಜೋಗದಿಂದಲೇ ಶುರುಮಾಡಿ. ದಾರಿ ತಾಪಮಾನದ ತನಕ ನೇರವಾಗಿ ಹೋಗುತ್ತದೆ. ಹೊಳೆಯ ಹೋಲಿಕೆ 1921–22ರಲ್ಲಿ ಪೆನ್ಲೆವೆ ಮತ್ತು ಗುಲ್‌ಸ್ಟ್ರಾಂಡ್ ಬರೆದ ನಿರ್ದೇಶಾಂಕಗಳ ಸರಳ ಓದು. ಅವರ ರೀತಿಯಲ್ಲಿ ಬರೆದರೆ ಕಪ್ಪುಕುಳಿಯ ಸುತ್ತಲಿನ ಜಾಗವೇ ಒಳಮುಖವಾಗಿ ಹರಿಯುವ ಹೊಳೆಯಂತೆ ಕಾಣುತ್ತದೆ. ಕೇಂದ್ರದಿಂದ ಒಂದು ದೂರದಲ್ಲಿ ಹರಿವಿನ ವೇಗ = ಬೆಳಕಿನ ವೇಗ × √(ಹೊರೈಝನ್ ತ್ರಿಜ್ಯ ÷ ಆ ದೂರ). ಹೊರೈಝನ್‌ನಲ್ಲಿ ಇದು ಸರಿಯಾಗಿ ಬೆಳಕಿನ ವೇಗ, ಒಳಗೆ ಅದಕ್ಕಿಂತ ಹೆಚ್ಚು. 1981ರಲ್ಲಿ ಭೌತವಿಜ್ಞಾನಿ ಉನ್ರೂ ಇದನ್ನೇ ತಿರುಗಿಸಿ, ಹರಿಯುವ ದ್ರವದಲ್ಲಿನ ಶಬ್ದಕ್ಕೂ ಹೊರೈಝನ್ ಇರುತ್ತದೆ, ಅಲ್ಲಿಯೂ ಹಾಕಿಂಗ್ ವಿಕಿರಣ ಬರಬೇಕು ಅಂತ ತೋರಿಸಿದರು.

ಮೊದಲೇ ಒಂದು ಎಚ್ಚರಿಕೆ. ಜಲಪಾತದ ಅಂಚನ್ನೇ ಹೊರೈಝನ್ ಅಂತ ತೋರಿಸಬೇಡಿ. ಬಹಳ ಜನ ಅದನ್ನೇ ಮಾಡುತ್ತಾರೆ, ಅಲ್ಲಿಗೆ ಮುಖ್ಯ ಪಾಠವೇ ತಪ್ಪಿಹೋಗುತ್ತದೆ. ಆಳವಿಲ್ಲದ ನೀರಿನಲ್ಲಿ ಉದ್ದದ ಅಲೆಯ ವೇಗ √(ಗುರುತ್ವ ವೇಗೋತ್ಕರ್ಷ × ಆಳ). 1 ಮೀಟರ್ ಆಳಕ್ಕೆ ಸೆಕೆಂಡಿಗೆ 3.1 ಮೀಟರ್, ಅರ್ಧ ಮೀಟರ್ ಆಳಕ್ಕೆ 2.2 ಮೀಟರ್. ಹರಿವಿನ ವೇಗ ಇದಕ್ಕೆ ಸಮನಾಗುವ ಜಾಗ ಹೊರೈಝನ್. ಮೀಟರ್ ಅಗಲಕ್ಕೆ ಸೆಕೆಂಡಿಗೆ 3 ಘನ ಮೀಟರ್ ನೀರು ಹರಿಯುವ ನಯವಾದ, ಹೆಚ್ಚು ಇಳಿಜಾರಿಲ್ಲದ ಕಾಲುವೆ ತೆಗೆದುಕೊಳ್ಳಿ. ಆ ಸಮ ಬರುವ ಆಳ ಸುಮಾರು 0.97 ಮೀಟರ್. ಕಾಲುವೆ ಕೊನೆಗೊಂಡು ನೀರು ಧುಮುಕುವ ಅಂಚಿನಲ್ಲಿ ಆಳ ಅದರ ಶೇ. 71–72ರಷ್ಟು, ಅಂದರೆ 0.7 ಮೀಟರ್. ಸಮ ಬರುವ ಜಾಗ ಅಂಚಿಗಿಂತ ಆ ಆಳದ ಮೂರು ನಾಲ್ಕು ಪಟ್ಟು ಹಿಂದೆ, ಇಲ್ಲಿ 3–4 ಮೀಟರ್ ಮೇಲೆ, ಇರುತ್ತದೆ. ಅಲ್ಲಿ ನೀರು ಒಡೆಯುವುದಿಲ್ಲ, ನೊರೆಯಿಲ್ಲ, ಗೆರೆಯಿಲ್ಲ. ತೇಲಿಕೊಂಡು ಹೋಗುವ ಎಲೆಗೆ ಅಲ್ಲಿ ಏನೂ ಆಗುವುದಿಲ್ಲ. ಆದರೆ ಅಲ್ಲಿಂದ ಕೆಳಗೆ ಎಬ್ಬಿಸಿದ ಅಲೆ ಮೇಲಕ್ಕೆ ಬರುವುದಿಲ್ಲ. ಮಕ್ಕಳ ತಲೆಯಲ್ಲಿ ಮೊದಲು ಕೂರಬೇಕಾದದ್ದು ಇದು. ದಾಟುವವನಿಗೆ ಹೊರೈಝನ್‌ನ ಸುಳಿವೇ ಇರುವುದಿಲ್ಲ. (ನಿಜವಾದ ಜೋಗದ ಮೇಲ್ಭಾಗ ಬಂಡೆಗಳಿಂದ ತುಂಬಿದೆ, ನೀರು ರಾಜ, ರಾಣಿ, ರೋರರ್, ರಾಕೆಟ್ ಅಂತ ಕವಲೊಡೆಯುತ್ತದೆ. ಅಂಕಿಗಳನ್ನು ಅಲ್ಲಿಗೆ ಅನ್ವಯಿಸಬೇಡಿ, ಚಿತ್ರ ಮಾತ್ರ ತೆಗೆದುಕೊಳ್ಳಿ.)

ಈಗ ಹೊರೈಝನ್‌ಗಿಂತ ಕೂದಲೆಳೆಯಷ್ಟು ಮೇಲೆ ಒಂದು ಅಲೆ ಇದೆ, ಹರಿವಿನ ವಿರುದ್ಧ ಹೋಗುತ್ತಿದೆ ಅಂದುಕೊಳ್ಳಿ. ಅದರ ನಿವ್ವಳ ವೇಗ ಎಷ್ಟು? ಹೊರೈಝನ್‌ನಲ್ಲಿ ಸೊನ್ನೆ. ದೂರ ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಹೆಚ್ಚು. ಒಂದು ಮೀಟರ್‌ಗೆ ಎಷ್ಟು ಹೆಚ್ಚುತ್ತದೋ ಅದನ್ನು 'ಸೆಳವಿನ ದರ' ಅಂತ ಕರೆಯೋಣ. ವೇಗವನ್ನು ದೂರದಿಂದ ಭಾಗಿಸಿದ್ದರಿಂದ ಅದರ ಮಾನ 'ಪ್ರತಿ ಸೆಕೆಂಡಿಗೆ'. ಹಾಗಾದರೆ ದೂರದ ಬದಲಾವಣೆಯ ದರ = ಸೆಳವಿನ ದರ × ದೂರ. ಪಿಯುಸಿ ಮಕ್ಕಳು ತಾವೇ ಬಿಡಿಸಬಲ್ಲ ಸಮೀಕರಣ, ಉತ್ತರ ಎಕ್ಸ್‌ಪೊನೆನ್ಷಿಯಲ್. ಅಲೆಯ ಮುಂಭಾಗ ಹಿಂಭಾಗಕ್ಕಿಂತ ಬೇಗ ಓಡುವುದರಿಂದ ಅಲೆಯುದ್ದವೂ ಅದೇ ಎಕ್ಸ್‌ಪೊನೆನ್ಷಿಯಲ್‌ನಂತೆ ಹಿಗ್ಗುತ್ತದೆ. ದೂರದ ದಡದಲ್ಲಿ ಕೂತವನಿಗೆ ಆ ಅಲೆಯ ಸ್ವರ ಕ್ಷಣಕ್ಷಣಕ್ಕೂ ಇಳಿಯುತ್ತ ಹೋಗುತ್ತದೆ.

ಕ್ವಾಂಟಂ ಬರುವುದು ಇಲ್ಲಿ. ಶೂನ್ಯ ಅಂದರೆ ಏನೂ ಇಲ್ಲದ್ದಲ್ಲ. ಕ್ಷೇತ್ರದ ಪ್ರತಿ ಅಲೆಗೂ ಕನಿಷ್ಠ ಕಂಪನ ಇದ್ದೇ ಇರುತ್ತದೆ. 'ಕಣ ಇಲ್ಲ' ಅಂತ ಹೇಳಲು ಧನ ಆವೃತ್ತಿಯ ಅಲೆ ಯಾವುದು, ಋಣ ಆವೃತ್ತಿಯದ್ದು ಯಾವುದು ಅಂತ ಬೇರ್ಪಡಿಸಬೇಕು, ಹಾಗೆ ಬೇರ್ಪಡಿಸಲು ಒಂದು ಗಡಿಯಾರ ಬೇಕು. ನೀರಿನ ಜೊತೆ ತೇಲುವವನ ಗಡಿಯಾರದಲ್ಲಿ ಶುದ್ಧವಾಗಿ ಧನ ಆವೃತ್ತಿ ಇರುವ ಅಲೆ, ಎಕ್ಸ್‌ಪೊನೆನ್ಷಿಯಲ್ ಆಗಿ ಹಿಗ್ಗಿದ ಮೇಲೆ, ದಡದವನ ಗಡಿಯಾರದಲ್ಲಿ ಶುದ್ಧವಾಗಿ ಉಳಿಯುವುದಿಲ್ಲ. ಸ್ವಲ್ಪ ಋಣ ಆವೃತ್ತಿಯ ಭಾಗ ಬೆರೆಯುತ್ತದೆ. ಈ ಬೆರಕೆಯ ಲೆಕ್ಕಕ್ಕೆ ಬೊಗೊಲ್ಯುಬೊವ್ ಪರಿವರ್ತನೆ ಅಂತ ಹೆಸರು. ಎಕ್ಸ್‌ಪೊನೆನ್ಷಿಯಲ್ ಹಿಗ್ಗಿಗೆ ಉತ್ತರ ಬಹಳ ಚೊಕ್ಕ: ಋಣ ಭಾಗಕ್ಕೂ ಧನ ಭಾಗಕ್ಕೂ ಇರುವ ಅನುಪಾತ, ವರ್ಗ ಮಾಡಿದಾಗ, ಇ-ಯ ಘಾತ ಋಣ (2 × ಪೈ × ಕೋನೀಯ ಆವೃತ್ತಿ ÷ ಸೆಳವಿನ ದರ). ಇದನ್ನು ಬಿಸಿ ವಸ್ತುವಿನ ಬೋಲ್ಟ್ಸ್‌ಮನ್ ಅನುಪಾತದ, ಅಂದರೆ ಇ-ಯ ಘಾತ ಋಣ (ಶಕ್ತಿ ÷ (ಬೋಲ್ಟ್ಸ್‌ಮನ್ ಸ್ಥಿರಾಂಕ × ತಾಪಮಾನ)) ಅನ್ನುವುದರ, ಪಕ್ಕ ಇಟ್ಟರೆ (ಶಕ್ತಿ = ಹೆಚ್-ಬಾರ್ × ಕೋನೀಯ ಆವೃತ್ತಿ) ತಾಪಮಾನ ತಾನಾಗಿ ಸಿಗುತ್ತದೆ:

ತಾಪಮಾನ = ಹೆಚ್-ಬಾರ್ × ಸೆಳವಿನ ದರ ÷ (2 × ಪೈ × ಬೋಲ್ಟ್ಸ್‌ಮನ್ ಸ್ಥಿರಾಂಕ)

ಹೆಚ್-ಬಾರ್ ಅಂದರೆ ಪ್ಲಾಂಕ್ ಸ್ಥಿರಾಂಕ ಹೆಚ್ ÷ (2 × ಪೈ). ಸ್ಥಿರಾಂಕಗಳನ್ನು ಹಾಕಿ ಮುಗಿಸಿದರೆ: ತಾಪಮಾನ (ಕೆಲ್ವಿನ್) = 1.2 × 10⁻¹² × ಸೆಳವಿನ ದರ.

ಬೋರ್ಡಿನ ಮೇಲೆ ಈ ಒಂದು ಸಾಲು ಕೊನೆಯವರೆಗೂ ಇರಲಿ. ಹೊಳೆಗೂ ಇದೇ, ಪ್ರಯೋಗಾಲಯದ ತಣ್ಣನೆಯ ಪರಮಾಣು ಮೋಡಕ್ಕೂ ಇದೇ, ಕಪ್ಪುಕುಳಿಗೂ ಇದೇ. ಹೊಳೆಯಲ್ಲಿ ಆ ದರ ಪ್ರತಿ ಸೆಕೆಂಡಿಗೆ 1ರ ಆಸುಪಾಸು, ಆದ್ದರಿಂದ ಕೆಲ್ವಿನ್ನಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಮಳೆಗಾಲದ ನೀರಿನ 295 ಕೆಲ್ವಿನ್ ಎದುರು ಅದನ್ನು ಅಳೆಯುವ ಮಾತೇ ಇಲ್ಲ. ಸೂರ್ಯನಷ್ಟು ತೂಕದ ಕಪ್ಪುಕುಳಿಗೆ ಮೇಲಿನ ಹರಿವಿನ ಸೂತ್ರವನ್ನು ಡಿಫರೆನ್ಸಿಯೇಟ್ ಮಾಡಿ: ಹೊರೈಝನ್‌ನಲ್ಲಿ ದರ = ಬೆಳಕಿನ ವೇಗ ÷ (2 × ತ್ರಿಜ್ಯ). ತ್ರಿಜ್ಯ 2.95 ಕಿ.ಮೀ. ಆದ್ದರಿಂದ ದರ ಸೆಕೆಂಡಿಗೆ 51,000ದ ಹತ್ತಿರ, ತಾಪಮಾನ 6.2 × 10⁻⁸ ಕೆಲ್ವಿನ್. ಹಾಕಿಂಗ್ 1974ರಲ್ಲಿ ಕೊಟ್ಟ ಸೂತ್ರದ ಉತ್ತರವೂ ಇದೇ.

ಇನ್ನು 'ಋಣವೇ ಯಾಕೆ ಒಳಗೆ?' ಹರಿವಿನ ವಿರುದ್ಧ ಮುಖ ಮಾಡಿದ ಅಲೆಗೆ, ದಡದವನು ಅಳೆಯುವ ಆವೃತ್ತಿ = ನೀರಿನ ಜೊತೆ ತೇಲುವವನು ಅಳೆಯುವ ಆವೃತ್ತಿ − (ಹರಿವಿನ ವೇಗ × ಅಲೆಸಂಖ್ಯೆ). ಹೊರಗೆ ಅಲೆಯ ವೇಗ ಹೆಚ್ಚು, ಆದ್ದರಿಂದ ಉತ್ತರ ಧನ. ಒಳಗೆ ಹರಿವಿನ ವೇಗ ಹೆಚ್ಚು, ಉತ್ತರ ಋಣ. ಯಾರೂ ಆರಿಸುತ್ತಿಲ್ಲ. ದಡದ ಲೆಕ್ಕದಲ್ಲಿ ಋಣ ಶಕ್ತಿ ಇರುವ ಅಲೆ ಹೊರಗೆ ಇರಲಾರದು, ಒಳಗೆ ಮಾತ್ರ ಇರಬಲ್ಲದು. ಅದಕ್ಕೇ ಧನ ಒಳಗೆ, ಋಣ ಹೊರಗೆ ಅನ್ನುವ ಉಲ್ಟಾ ಜೋಡಿ ಹುಟ್ಟುವುದೇ ಇಲ್ಲ, ಅರ್ಧ-ಅರ್ಧದ ಲೆಕ್ಕವೂ ಏಳುವುದಿಲ್ಲ.

---

ಕುಂದಾದ್ರಿ_ಮಂಜು ಉತ್ತರ:

ತಲಕಳಲೆಯವರು ಹೇಳಿದ್ದಕ್ಕೆ ಒಂದು ಪೂರಕ. ಜೋಡಿ ಅನ್ನುವ ಮಾತು ಪೂರ್ತಿ ತಪ್ಪಲ್ಲ. ಹೊರಗಿನ ಅಲೆಗೆ ಒಳಗೆ ಒಂದು ಸಂಗಾತಿ ಅಲೆ ಇದ್ದೇ ಇದೆ, ಎರಡೂ ಕ್ವಾಂಟಂ ರೀತಿಯಲ್ಲಿ ಹೆಣೆದುಕೊಂಡಿವೆ (ಎಂಟ್ಯಾಂಗಲ್ಮೆಂಟ್: ಒಂದರ ಸ್ಥಿತಿಯನ್ನು ಇನ್ನೊಂದನ್ನು ಬಿಟ್ಟು ಪೂರ್ತಿ ಹೇಳಲಾಗದು). ತಪ್ಪಾಗುವುದು ಅವನ್ನು ಸಾಸಿವೆ ಕಾಳಿನಂತೆ ಅಂಚಿನಲ್ಲಿ ಕೂರಿಸಿ ಚಿತ್ರ ಬರೆದಾಗ. ಸೂರ್ಯತೂಕದ ಕುಳಿಗೆ 6.2 × 10⁻⁸ ಕೆಲ್ವಿನ್ನಿನ ವಿಕಿರಣದ ಶಿಖರ ಅಲೆಯುದ್ದ ವೀನ್ ನಿಯಮದಿಂದ 47 ಕಿ.ಮೀ. ಹೊರೈಝನ್ ತ್ರಿಜ್ಯ 3 ಕಿ.ಮೀ. ಮಾತ್ರ. ಕುಳಿಗಿಂತ ಎಷ್ಟೋ ಪಟ್ಟು ದೊಡ್ಡದಾದ ಅಲೆ 'ಅಂಚಿನ ಈ ಬಿಂದುವಿನಲ್ಲಿ ಹುಟ್ಟಿತು' ಅನ್ನುವುದಕ್ಕೆ ಅರ್ಥವಿಲ್ಲ. ಯಾವ ತೂಕದ ಕುಳಿಗೂ ಈ ಅನುಪಾತ ಸುಮಾರು 16 ಪಟ್ಟೇ ಬರುತ್ತದೆ. ಮಕ್ಕಳಿಂದಲೇ ಎರಡು ಮೂರು ತೂಕಕ್ಕೆ ಮಾಡಿಸಿ, ತಾವೇ ಕಂಡುಕೊಳ್ಳಲಿ.

ಹೊರಬರುವ ಅಲೆಗೆ ದಾರಿಯಲ್ಲಿ ಒಂದು ಅಡ್ಡಗೋಡೆಯೂ ಇದೆ. ಹೊರೈಝನ್ ತ್ರಿಜ್ಯದ ಒಂದೂವರೆ ಪಟ್ಟು ದೂರದ ಆಸುಪಾಸಿನಲ್ಲಿ ಗುರುತ್ವದ್ದೇ ಒಂದು ತಡೆ ಇದ್ದು, ಉದ್ದದ ಅಲೆಗಳನ್ನು ಒಳಕ್ಕೇ ಹಿಂದಿರುಗಿಸುತ್ತದೆ. ಆದ್ದರಿಂದ ದೂರಕ್ಕೆ ತಲುಪುವ ವಿಕಿರಣ ಪೂರ್ಣ ಕೃಷ್ಣಕಾಯದ್ದಲ್ಲ (ಬಿದ್ದ ಬೆಳಕನ್ನೆಲ್ಲ ಹೀರಿ, ತಾಪಮಾನಕ್ಕೆ ತಕ್ಕಂತೆ ಮಾತ್ರ ಸೂಸುವ ಆದರ್ಶ ವಸ್ತು ಕೃಷ್ಣಕಾಯ). ಈ ತಡೆಗೆ ಅಲೆ ಬಡಿದಾಗ ಕುಳಿ ಗಂಟೆಯಂತೆ ಮೊಳಗಿ ನಿಲ್ಲುತ್ತದೆ ಅಂತ 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ಜವಾಹರಲಾಲ್ ನೆಹರೂ ತಾರಾಲಯ ಕಟ್ಟಿ ಬೆಳೆಸಿದವರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯ ಹಿಡಿದ ಮೊದಲ ಗುರುತ್ವ ಅಲೆಯ ಕೊನೆಯ ಭಾಗ ಅದೇ ಮೊಳಗು. ಅದು ಕ್ವಾಂಟಂ ವಿಷಯವಲ್ಲ, ಆದರೆ ತಡೆ ಅದೇ. ಕನ್ನಡದ ಮಕ್ಕಳಿಗೆ ಈ ಹೆಸರನ್ನು ಹೇಳಲೇಬೇಕು.

ಕ್ಯಾಲ್ಕುಲೇಟರ್ ಲೆಕ್ಕಗಳಿಗೆ ಬರೋಣ. ಮಕ್ಕಳು ಎಡವುವ ಜಾಗಗಳನ್ನು ಮೊದಲೇ ಹೇಳಿಬಿಡಿ.

ಮೊದಲನೆಯದು ಹೆಚ್ ಮತ್ತು ಹೆಚ್-ಬಾರ್ ಗೊಂದಲ. ಪಠ್ಯಪುಸ್ತಕದ 6.63 × 10⁻³⁴ ಹಾಕಿದರೆ ತಾಪಮಾನ 6.28 ಪಟ್ಟು ಜಾಸ್ತಿ ಬರುತ್ತದೆ. 1.055 × 10⁻³⁴ ಹಾಕಬೇಕು. ಯಾರಾದರೂ 3.9 × 10⁻⁷ ಅಂತ ಉತ್ತರ ತಂದರೆ ತಪ್ಪು ಇಲ್ಲೇ ಆಗಿದೆ ಅಂತ ಕಣ್ಣುಮುಚ್ಚಿ ಹೇಳಬಹುದು.

ಎರಡನೆಯದು ಆಯಸ್ಸು. ಸೂತ್ರ 5120 × ಪೈ × ಜಿ-ವರ್ಗ × ತೂಕದ ಘನ ÷ (ಹೆಚ್-ಬಾರ್ × ಸಿ-ಯ ನಾಲ್ಕನೇ ಘಾತ). ಜಿ ಗುರುತ್ವ ಸ್ಥಿರಾಂಕ, ಸಿ ಬೆಳಕಿನ ವೇಗ. ಇದು ಕುಳಿಯನ್ನು ಪೂರ್ಣ ಕೃಷ್ಣಕಾಯವೆಂದು ಭಾವಿಸಿದ ಅಂದಾಜು. ಸೂರ್ಯನ ತೂಕದ ಘನ 7.9 × 10⁹⁰. ಅದನ್ನು ಮೊದಲೇ ಹೆಚ್-ಬಾರ್‌ನಿಂದ ಭಾಗಿಸಿದರೆ 10¹²⁴ ದಾಟುತ್ತದೆ. 10⁹⁹ರ ಮಿತಿ ಇರುವ ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರ್ ಎರರ್ ತೋರಿಸಿ ನಿಲ್ಲುತ್ತದೆ. ಆದ್ದರಿಂದ ಸ್ಥಿರಾಂಕಗಳನ್ನು ಮೊದಲು ಮುಗಿಸಿ. ಹೆಚ್-ಬಾರ್ × ಸಿ-ಯ ನಾಲ್ಕನೇ ಘಾತ ಸುಮಾರು 0.85. ಎಲ್ಲ ಸೇರಿ 8.4 × 10⁻¹⁷. ಇದನ್ನು ಕಿಲೋಗ್ರಾಂನಲ್ಲಿರುವ ತೂಕದ ಘನದಿಂದ ಗುಣಿಸಿದರೆ ಸೆಕೆಂಡುಗಳಲ್ಲಿ ಆಯಸ್ಸು. ಸೂರ್ಯನಿಗೆ 6.6 × 10⁷⁴ ಸೆಕೆಂಡ್, ಅಂದರೆ 2.1 × 10⁶⁷ ವರ್ಷ. ವಿಶ್ವದ ವಯಸ್ಸು 1.38 × 10¹⁰ ವರ್ಷ ಅಂತ ಪಕ್ಕದಲ್ಲಿ ಬರೆಯಿರಿ.

ಮೂರನೆಯದು ಲೆಕ್ಕದ ತಪ್ಪಲ್ಲ, ಅರ್ಥದ್ದು. 'ಹಾಗಾದರೆ ಈಗಿರುವ ಕಪ್ಪುಕುಳಿಗಳು ಆವಿಯಾಗುತ್ತಿವೆ' ಅಂತ ಮಕ್ಕಳು ತೀರ್ಮಾನಿಸುತ್ತಾರೆ. ಇಲ್ಲ. ಬ್ರಹ್ಮಾಂಡದ ಹಿನ್ನೆಲೆ ವಿಕಿರಣದ ತಾಪಮಾನ 2.725 ಕೆಲ್ವಿನ್. ಸೂರ್ಯತೂಕದ ಕುಳಿ ಹೊರಸೂಸುವುದು 9 × 10⁻²⁹ ವ್ಯಾಟ್. ಹೊರೈಝನ್‌ನ ಮೇಲ್ಮೈಯನ್ನಷ್ಟೇ ಲೆಕ್ಕ ಹಿಡಿದರೂ ಹಿನ್ನೆಲೆಯಿಂದ ನುಂಗುವುದು 340 ವ್ಯಾಟ್, ಬೆಳಕು ಬಾಗುವುದನ್ನು ಸೇರಿಸಿದರೆ ಇನ್ನೂ ಹೆಚ್ಚು. ಇಂದು ಎರಡೂ ಸಮವಾಗುವ ಕುಳಿಯ ತೂಕ 4.5 × 10²² ಕಿಲೋಗ್ರಾಂ, ಚಂದ್ರನ ಶೇ. 61ರಷ್ಟು. ತ್ರಿಜ್ಯ 0.067 ಮಿಲಿಮೀಟರ್. ಅದಕ್ಕಿಂತ ಭಾರದ ಕುಳಿಗಳೆಲ್ಲ ಈಗ ಬೆಳೆಯುತ್ತಲೇ ಇವೆ.

---

ಹೊಸನಗರ_ಮಳೆ ಉತ್ತರ:

ಇಷ್ಟು ಚೊಕ್ಕವಾದ ವಾದದಲ್ಲಿ ಒಂದು ಬಿರುಕಿದೆ. ಅದನ್ನು ಮುಚ್ಚಿಟ್ಟು ಪಾಠ ಮಾಡಬಾರದು, ಬಿಎಸ್ಸಿ ಮಕ್ಕಳಿಗಂತೂ ಹೇಳಲೇಬೇಕು.

ಅಲೆ ಎಕ್ಸ್‌ಪೊನೆನ್ಷಿಯಲ್ ಆಗಿ ಹಿಗ್ಗುತ್ತದೆ ಅಂದರೆ, ಹಿಂದಕ್ಕೆ ಹೋದಂತೆ ಅದು ಅಷ್ಟೇ ಬೇಗ ಕುಗ್ಗುತ್ತದೆ. ಸೆಳವಿನ ದರ ಸೆಕೆಂಡಿಗೆ 51,000 ಅಂದರೆ ಪ್ರತಿ 20 ಮೈಕ್ರೋಸೆಕೆಂಡಿಗೆ 2.718 ಪಟ್ಟು. ನಕ್ಷತ್ರ ಕುಸಿದು ಒಂದು ಮಿಲಿಸೆಕೆಂಡ್ ಆದ ಮೇಲೆ ಹೊರಟ ಅಲೆಯನ್ನು ಹಿಂದಕ್ಕೆ ಹಿಡಿದರೆ ಸುಮಾರು 10²² ಪಟ್ಟು ಚಿಕ್ಕದು. 1.8 ಮಿಲಿಸೆಕೆಂಡಿಗೆ 47 ಕಿ.ಮೀ.ನ ಅಲೆ 1.6 × 10⁻³⁵ ಮೀಟರಿಗೆ, ಪ್ಲಾಂಕ್ ಉದ್ದಕ್ಕೆ (ಅದಕ್ಕಿಂತ ಚಿಕ್ಕ ಅಳತೆಯಲ್ಲಿ ಈಗಿನ ಸಿದ್ಧಾಂತಗಳನ್ನು ನೆಚ್ಚಲಾಗದು), ಇಳಿಯುತ್ತದೆ. ಒಂದು ಸೆಕೆಂಡಿಗೆ? 51,000ವನ್ನು 0.434ರಿಂದ ಗುಣಿಸಿ: 10ರ ಮೇಲೆ ಇಪ್ಪತ್ತೆರಡು ಸಾವಿರದ ಘಾತ. (ಇ-ಯ ಘಾತವನ್ನು ನೇರವಾಗಿ ಒತ್ತಿದರೆ ಕ್ಯಾಲ್ಕುಲೇಟರ್ ಎರರ್ ಕೊಡುತ್ತದೆ, ಲಾಗ್ ಹಾದಿಯಲ್ಲೇ ಹೋಗಬೇಕು.) ಹಾಕಿಂಗ್ ಲೆಕ್ಕ ನೆಚ್ಚಿಕೊಂಡಿರುವ ಭೌತಶಾಸ್ತ್ರ ಅಷ್ಟು ಚಿಕ್ಕ ಅಳತೆಯಲ್ಲಿ ಸರಿಯೇ ಅಂತ ಯಾರೂ ಪರೀಕ್ಷಿಸಿಲ್ಲ. ಇದಕ್ಕೆ ಟ್ರಾನ್ಸ್-ಪ್ಲಾಂಕಿಯನ್ ಸಮಸ್ಯೆ ಅಂತ ಹೆಸರು.

ಹೊಳೆಯ ಹೋಲಿಕೆ ಇಲ್ಲಿಯೂ ಕೈಹಿಡಿಯುತ್ತದೆ, ನನಗೆ ಅದರ ನಿಜವಾದ ಬೆಲೆ ಕಾಣುವುದು ಇಲ್ಲಿಯೇ. ನೀರಿನಲ್ಲಿ ಅಲೆಯುದ್ದ ಆಳಕ್ಕಿಂತ ಚಿಕ್ಕದಾದಾಗ ಅಲೆಯ ವೇಗವೇ ಬದಲಾಗುತ್ತದೆ. ಹಾಗಾಗಿ ಹಿಂದಕ್ಕೆ ಹಿಡಿದ ಅಲೆ ಅನಂತವಾಗಿ ಕುಗ್ಗದೆ ಒಂದು ಹಂತದಲ್ಲಿ ಬೇರೆ ದಾರಿ ಹಿಡಿಯುತ್ತದೆ. ಹಾಗಿದ್ದರೂ ಹೊರಬರುವ ತಾಪಮಾನ ಬಹುಪಾಲು ಅದೇ ಅಂತ ಉನ್ರೂ 1995ರಲ್ಲಿ ಗಣಕದ ಲೆಕ್ಕದಿಂದ ತೋರಿಸಿದರು. ತೀರಾ ಚಿಕ್ಕ ಅಳತೆಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ತಾಪಮಾನ ಅಷ್ಟಾಗಿ ಅಂಟಿಕೊಂಡಿಲ್ಲ. ಸೆಳವಿನ ದರ ಒಂದೇ ಸಾಕು.

ಪ್ರಯೋಗಗಳ ಬಗ್ಗೆ ಮಾತನಾಡುವಾಗ ಪದಗಳನ್ನು ಅಳೆದು ಬಳಸಿ. 2011ರಲ್ಲಿ ವ್ಯಾಂಕೂವರ್‌ನಲ್ಲಿ ಉದ್ದನೆಯ ನೀರಿನ ತೊಟ್ಟಿಯಲ್ಲಿ ಅಲೆ ಕಳಿಸಿ, ಧನ–ಋಣ ಭಾಗಗಳ ಅನುಪಾತ ಬೋಲ್ಟ್ಸ್‌ಮನ್ ರೀತಿಯಲ್ಲೇ ಇದೆ ಅಂತ ಅಳೆದರು. ಅದು ಪ್ರಚೋದಿಸಿದ ಅಲೆ, ಶೂನ್ಯದಿಂದ ತಾನಾಗಿ ಎದ್ದದ್ದಲ್ಲ. ಹೈಫಾದ ಟೆಕ್ನಿಯಾನ್‌ನಲ್ಲಿ ಸ್ಟೈನ್‌ಹೌವರ್ ತಂಡ ರುಬಿಡಿಯಂ ಪರಮಾಣುಗಳ ಬೋಸ್–ಐನ್‌ಸ್ಟೈನ್ ಸಾಂದ್ರಣದಲ್ಲಿ (ಅತಿ ತಣ್ಣಗಾಗಿಸಿದ ಪರಮಾಣು ಮೋಡದಲ್ಲಿ) ಶಬ್ದದ ಹೊರೈಝನ್ ಮಾಡಿ, 2016ರಲ್ಲಿ ತಾನಾಗಿ ಏಳುವ ಜೋಡಿಗಳನ್ನೂ 2019ರಲ್ಲಿ ಅವುಗಳ ತಾಪಮಾನವನ್ನೂ ವರದಿ ಮಾಡಿತು: 0.35 ನ್ಯಾನೋಕೆಲ್ವಿನ್. ಬೋರ್ಡಿನ ಮೇಲಿರುವ ಸಾಲಿಗೆ ಹಾಕಿದರೆ ಸೆಳವಿನ ದರ ಸೆಕೆಂಡಿಗೆ 290 ಬರುತ್ತದೆ. ಇವೆಲ್ಲ ಹೊರೈಝನ್‌ನ ಅಲೆಗಣಿತದ ಪುರಾವೆ. ಆಕಾಶದ ಯಾವ ಕಪ್ಪುಕುಳಿಯಿಂದಲೂ ಹಾಕಿಂಗ್ ವಿಕಿರಣವನ್ನು ಯಾರೂ ಕಂಡಿಲ್ಲ.

---

ಸಾಗರ_ಭೌತ:

ಎಲ್ಲರಿಗೂ ಧನ್ಯವಾದ. ಇದಿಷ್ಟರಿಂದಲೇ ಒಂದು ಗಂಟೆ ತುಂಬುತ್ತದೆ. ಇನ್ನೆರಡು ಸಂದೇಹ. ದಾಟುವವನಿಗೆ ಏನೂ ಆಗುವುದಿಲ್ಲ ಅಂದಿರಿ. ಆದರೆ ಹೊರೈಝನ್‌ನ ಹತ್ತಿರ ಥರ್ಮಾಮೀಟರ್ ಹಿಡಿದರೆ ವಿಪರೀತ ಬಿಸಿ ತೋರಿಸುತ್ತದೆ ಅಂತಲೂ ಓದಿದ್ದೇನೆ. ಎರಡೂ ಹೇಗೆ ನಿಜ? ಇನ್ನೊಂದು, ತರಗತಿಯಲ್ಲಿ ಕೈಯಾರೆ ಮಾಡಿ ತೋರಿಸಬಹುದಾದ ಹೊರೈಝನ್ ಏನಾದರೂ ಇದೆಯೇ?

---

ತಲಕಳಲೆ:

ಎರಡೂ ನಿಜ, ಯಾಕೆಂದರೆ ಬೀಳುವವನ ಥರ್ಮಾಮೀಟರ್ ಮತ್ತು ಬೀಳದೆ ನಿಂತವನ ಥರ್ಮಾಮೀಟರ್ ಒಂದೇ ರೀತಿ ಚಲಿಸುತ್ತಿಲ್ಲ. ಹಗ್ಗ ಕಟ್ಟಿ ಇಳಿಬಿಟ್ಟ ಥರ್ಮಾಮೀಟರ್ ಬೀಳದೆ ನಿಲ್ಲಬೇಕಾದರೆ ಹಗ್ಗ ಅದನ್ನು ಭಾರಿ ವೇಗೋತ್ಕರ್ಷದಿಂದ ಮೇಲಕ್ಕೆ ಎಳೆಯುತ್ತಿರಬೇಕು. ವೇಗೋತ್ಕರ್ಷದಲ್ಲಿರುವ ಸಾಧನ ಶೂನ್ಯವನ್ನೇ ಬಿಸಿಯಾಗಿ ಅಳೆಯುತ್ತದೆ (ಉನ್ರೂ, 1976). ಹೊರೈಝನ್‌ಗೆ ಬಹಳ ಹತ್ತಿರದಲ್ಲಿ ಆ ಬಿಸಿ ಹೊರೈಝನ್‌ನಿಂದ ಇರುವ ದೂರದ ಮೇಲಷ್ಟೇ ನಿಂತಿದೆ: 1.2 × 10⁻¹² × ಬೆಳಕಿನ ವೇಗ ÷ ದೂರ. ದೂರವನ್ನು ಅಲ್ಲೇ ಅಳತೆಪಟ್ಟಿ ಇಟ್ಟು ಅಳೆದದ್ದು ಅಂತ ತಿಳಿಯಿರಿ. ಒಂದು ಮೀಟರ್ ಮೇಲೆ 0.00036 ಕೆಲ್ವಿನ್, ಒಂದು ಮಿಲಿಮೀಟರ್ ಮೇಲೆ 0.36, ಒಂದು ಮೈಕ್ರಾನ್ ಮೇಲೆ 364 ಕೆಲ್ವಿನ್, ಅಂದರೆ 91 ಡಿಗ್ರಿ ಸೆಲ್ಸಿಯಸ್. ಕುಳಿಯ ತೂಕ ಇಲ್ಲಿ ಲೆಕ್ಕಕ್ಕೇ ಬರಲಿಲ್ಲ, ಗಮನಿಸಿ. ಹಗ್ಗ ಕತ್ತರಿಸಿದರೆ ವೇಗೋತ್ಕರ್ಷ ಹೋಯಿತು, ಆ ಬಿಸಿಯೂ ಹೋಯಿತು. ಹೊಳೆಯಲ್ಲಿ ಗೂಟಕ್ಕೆ ಕಟ್ಟಿದ ದೋಣಿಗೆ ಸೆಳವು ಬಡಿಯುತ್ತದೆ, ತೇಲಿಬಿಟ್ಟ ದೋಣಿಗೆ ನೀರು ನಿಂತಂತೆ ಇರುತ್ತದೆ.

ಒಂದು ಮಾತು ಸೇರಿಸಿ: 'ಏನೂ ಆಗುವುದಿಲ್ಲ' ಅನ್ನುವುದು ದೊಡ್ಡ ಕುಳಿಗೆ. ಸೂರ್ಯತೂಕದ ಕುಳಿಯ ಹೊರೈಝನ್‌ನಲ್ಲಿ ಒಂದು ಮೀಟರ್ ಅಂತರಕ್ಕೆ ಗುರುತ್ವದ ವ್ಯತ್ಯಾಸ 10¹⁰ ಮೀಟರ್ ಪ್ರತಿ ಸೆಕೆಂಡ್ ವರ್ಗ. ಅಲ್ಲಿಗೆ ತಲುಪುವ ಮೊದಲೇ ಎಲ್ಲ ಹರಿದುಹೋಗಿರುತ್ತದೆ. ಅದು ಕ್ವಾಂಟಂ ಅಲ್ಲ, ಉಬ್ಬರವಿಳಿತದ್ದೇ ಬಲ. ಎಂ87 ಗ್ಯಾಲಕ್ಸಿಯ ನಡುವಿನ 650 ಕೋಟಿ ಸೂರ್ಯತೂಕದ ಕುಳಿಯಲ್ಲಿ ಅದು ಗೊತ್ತೇ ಆಗದಷ್ಟು ಸಣ್ಣದು.

ಕೈಯಾರೆ ಮಾಡಲು ನಲ್ಲಿಯ ನೀರು ಸಾಕು. ಚಪ್ಪಟೆಯಾದ ಗಾಜಿನ ಹಲಗೆಯ ಮೇಲೆ, ಒಂದು ಗೇಣು ಎತ್ತರದಿಂದ, ನೂಲಿನಂತೆ ಸಮನಾಗಿ ಬೀಳುವ ನೀರು ಬಿಡಿ. ಬಿದ್ದಲ್ಲಿಂದ ತೆಳ್ಳಗೆ ಹರಡಿ, ಒಂದು ವೃತ್ತದಲ್ಲಿ ತಟ್ಟನೆ ದಪ್ಪವಾಗುತ್ತದೆ. ಸಿಂಕಿನಲ್ಲಿ ದಿನಾ ಕಾಣುವ ಉಂಗುರ ಅದೇ. ಒಳಗೆ ನೀರು ಅಲೆಗಿಂತ ವೇಗವಾಗಿ ಹೊರಕ್ಕೆ ಓಡುತ್ತದೆ, ಹೊರಗಿನ ಅಲೆ ಒಳಗೆ ಬರಲಾರದು. ಅಂದರೆ ಇದು ಕಪ್ಪುಕುಳಿಯಲ್ಲ, ಅದರ ಕಾಲವನ್ನು ಹಿಂದಕ್ಕೆ ಓಡಿಸಿದ ಬಿಳಿಕುಳಿ. ಇದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ. ಹೊಲಿಗೆ ಸೂಜಿಯ ತುದಿಯನ್ನು ಒಳಭಾಗದಲ್ಲಿ ಮುಟ್ಟಿಸಿ: ದೋಣಿಯ ಹಿಂದೆ ಏಳುವಂಥ ಚೂಪು ಕವಲು ಕಾಣುತ್ತದೆ. ಸೂಜಿಯನ್ನು ಉಂಗುರದ ಕಡೆಗೆ ಸರಿಸುತ್ತ ಹೋದರೆ ಕವಲು ಅಗಲವಾಗುತ್ತ, ಉಂಗುರದಲ್ಲಿ ಪೂರ್ತಿ ತೆರೆದುಕೊಂಡು, ಹೊರಗೆ ಮಾಯ. ಕವಲಿನ ಅರ್ಧಕೋನದ ಸೈನ್ = ಅಲೆಯ ವೇಗ ÷ ನೀರಿನ ವೇಗ. ಅದು 1 ಆಗುವ ಜಾಗವೇ ಹೊರೈಝನ್.

ಕೆಡುವುದು ಮೂರು ಕಾರಣಕ್ಕೆ. ಗಾಜು ಓರೆಯಾಗಿದ್ದರೆ ಉಂಗುರ ಒಂದು ಕಡೆ ಹಿಗ್ಗುತ್ತದೆ, ಗಾರೆಯವರ ರಸಮಟ್ಟ ಇಟ್ಟು ಸರಿಮಾಡಿ. ಎಣ್ಣೆ ಜಿಡ್ಡು ಇದ್ದರೆ ನೀರು ಒಡೆಯುತ್ತದೆ, ಸೀಗೆ ಅಥವಾ ಸೋಪಿನಲ್ಲಿ ತೊಳೆದು ಚೆನ್ನಾಗಿ ಗಲಬರಿಸಿ, ಯಾಕೆಂದರೆ ಸೋಪು ಉಳಿದರೂ ಉಂಗುರದ ಅಳತೆ ಬದಲಾಗುತ್ತದೆ. ನಲ್ಲಿಯ ಬಾಯಿಗೆ ಜಾಲರಿ ಇದ್ದರೆ ತೆಗೆಯಿರಿ, ಗುಳ್ಳೆ ಬೆರೆತ ನೀರಿನಲ್ಲಿ ಉಂಗುರ ನಡುಗುತ್ತದೆ. ತೊಟ್ಟಿಯಿಂದ ಸೈಫನ್ ಹಾಕಿದರೆ ಹರಿವು ಇನ್ನೂ ಸಮ.

---

ತುಂಗಾ_ದಂಡೆ ಉತ್ತರ:

ಹೊಳೆ ನಿಲ್ಲುವ ಜಾಗವನ್ನೂ ಹೇಳಬೇಕು. ಹೊಳೆಗೆ ತಾಪಮಾನ ಸಿಗುತ್ತದೆ, ಎಂಟ್ರೊಪಿ (ಹೊರಗಿನಿಂದ ಒಂದೇ ರೀತಿ ಕಾಣುವ ಒಳಸ್ಥಿತಿಗಳು ಎಷ್ಟಿವೆ ಅನ್ನುವುದರ ಅಳತೆ) ಸಿಗುವುದಿಲ್ಲ. ಕಪ್ಪುಕುಳಿಗೆ ಎಂಟ್ರೊಪಿ ಇರಲೇಬೇಕು ಅಂತ ಬೆಕೆನ್‌ಸ್ಟೈನ್ 1972–73ರಲ್ಲಿ ವಾದಿಸಿದರು, ಹಾಕಿಂಗ್ ಲೆಕ್ಕದಿಂದ ಗುಣಾಂಕ ಖಚಿತವಾಯಿತು: ಪ್ಲಾಂಕ್ ಉದ್ದದ ವರ್ಗದಲ್ಲಿ ಅಳೆದ ಹೊರೈಝನ್ ಮೇಲ್ಮೈಯ ನಾಲ್ಕನೇ ಒಂದು ಭಾಗ. ಸೂರ್ಯತೂಕಕ್ಕೆ 10⁷⁷. ಈಗ ಉರಿಯುತ್ತಿರುವ ಸೂರ್ಯನ ಎಂಟ್ರೊಪಿ ಸುಮಾರು 10⁵⁸. ನಡುವಿನ 10¹⁹ ಪಟ್ಟು ಎಲ್ಲಿಂದ ಬಂತು, ಯಾವುದನ್ನು ಎಣಿಸುತ್ತಿದ್ದೇವೆ ಅನ್ನುವುದೇ ಈ ಕ್ಷೇತ್ರದ ಮುಖ್ಯ ಪ್ರಶ್ನೆ. 1996ರಲ್ಲಿ ಸ್ಟ್ರಾಮಿಂಜರ್ ಮತ್ತು ವಾಫಾ ಕೆಲವು ವಿಶೇಷ ಜಾತಿಯ, ತಾಪಮಾನ ಸೊನ್ನೆ ಇರುವ ಕುಳಿಗಳಿಗೆ ಸ್ಟ್ರಿಂಗ್ ಸಿದ್ಧಾಂತದಲ್ಲಿ ಸ್ಥಿತಿಗಳನ್ನು ಎಣಿಸಿ ಅದೇ ನಾಲ್ಕನೇ ಒಂದನ್ನು ಪಡೆದರು. ಸೂರ್ಯ ಕುಸಿದು ಆಗುವಂಥ ಮಾಮೂಲಿ ಕುಳಿಗೆ ಅಷ್ಟು ಖಚಿತ ಎಣಿಕೆ ಇನ್ನೂ ಇಲ್ಲ.

ಕುಳಿ ಪೂರ್ತಿ ಆವಿಯಾದರೆ ಒಳಗೆ ಬಿದ್ದದ್ದರ ಮಾಹಿತಿ ಅಳಿದುಹೋಗುತ್ತದೆಯೇ ಅನ್ನುವ ಗೊಂದಲವನ್ನು ಹೀಗೆ ಕಟ್ಟಿ. ಹೊರಬರುವ ಪ್ರತಿ ಅಲೆಯೂ ಒಳಗಿನ ಸಂಗಾತಿಯ ಜೊತೆ ಹೆಣೆದುಕೊಂಡಿದೆ. ಆದ್ದರಿಂದ ಹೊರಗಿನ ವಿಕಿರಣದ ಎಂಟ್ರೊಪಿ ಏರುತ್ತಲೇ ಹೋಗುತ್ತದೆ. ಅತ್ತ ಕುಳಿ ಸಣ್ಣದಾಗುತ್ತ ಅದರ ಮೇಲ್ಮೈ ಇಳಿಯುತ್ತದೆ. ಒಂದು ಹೊತ್ತಿಗೆ ಹೊರಗಿನದ್ದು, ಒಳಗೆ ಉಳಿದ ಜಾಗ ಹಿಡಿಯಬಲ್ಲದ್ದಕ್ಕಿಂತ ಹೆಚ್ಚಾಗಿಬಿಡುತ್ತದೆ. ಕ್ವಾಂಟಂ ನಿಯಮ ಸರಿಯಾಗಿದ್ದರೆ ಅಲ್ಲಿಂದ ಮುಂದೆ ವಿಕಿರಣದ ಎಂಟ್ರೊಪಿ ಇಳಿಯಬೇಕು ಅಂತ 1993ರಲ್ಲಿ ಡಾನ್ ಪೇಜ್ ತೋರಿಸಿದರು. ಮಕ್ಕಳಿಗೆ ಲೆಕ್ಕ: ಕುಳಿ ಕಳೆದುಕೊಂಡ ಎಂಟ್ರೊಪಿಯಷ್ಟೇ ವಿಕಿರಣದ್ದು ಅಂತ ಹಿಡಿದರೆ, ಆ ಹೊತ್ತು ಬರುವುದು ಮೇಲ್ಮೈ ಅರ್ಧವಾದಾಗ. ಮೇಲ್ಮೈ ಅರ್ಧವಾಗಲು ತೂಕ ಶೇ. 71ಕ್ಕೆ ಇಳಿಯಬೇಕು. ಉಳಿದ ಆಯಸ್ಸು ತೂಕದ ಘನದಂತೆ, ಆದ್ದರಿಂದ 1 − 0.354, ಒಟ್ಟು ಆಯಸ್ಸಿನ ಶೇ. 65 ಕಳೆದಾಗ. ನಿಜದಲ್ಲಿ ವಿಕಿರಣ ಕುಳಿ ಕಳೆದುಕೊಳ್ಳುವುದಕ್ಕಿಂತ ಹೆಚ್ಚು ಎಂಟ್ರೊಪಿ ಹೊತ್ತೊಯ್ಯುವುದರಿಂದ ಆ ಹೊತ್ತು ಸ್ವಲ್ಪ ಮೊದಲೇ ಬರುತ್ತದೆ, ಶೇ. 54ರ ಹತ್ತಿರ.

2012ರಲ್ಲಿ ಆಲ್ಮ್‌ಹೈರಿ, ಮರೋಲ್ಫ್, ಪೋಲ್ಚಿನ್‌ಸ್ಕಿ, ಸಲ್ಲಿ ನಾಲ್ವರು ಇದನ್ನು ಹೊರೈಝನ್‌ಗೇ ತಂದು ಕಟ್ಟಿದರು. ಆ ಹೊತ್ತಿನ ನಂತರ ಹೊರಬರುವ ಅಲೆ, ಮಾಹಿತಿ ಉಳಿಯಬೇಕಾದರೆ, ಹಿಂದೆ ಹೊರಬಂದ ವಿಕಿರಣದ ಜೊತೆ ಪೂರ್ತಿ ಹೆಣೆದುಕೊಂಡಿರಬೇಕು. ಹೊರೈಝನ್ ಸಾದಾ ಶೂನ್ಯವಾಗಿರಬೇಕಾದರೆ ಅದೇ ಅಲೆ ಒಳಗಿನ ಸಂಗಾತಿಯ ಜೊತೆಗೂ ಪೂರ್ತಿ ಹೆಣೆದುಕೊಂಡಿರಬೇಕು. ಒಂದು ವ್ಯವಸ್ಥೆ ಇಬ್ಬರ ಜೊತೆ ಪೂರ್ತಿ ಹೆಣೆದುಕೊಳ್ಳಲು ಕ್ವಾಂಟಂ ನಿಯಮ ಬಿಡುವುದಿಲ್ಲ. ಒಳಗಿನ ಹೆಣಿಗೆ ಕಡಿದರೆ ಹೊರೈಝನ್‌ನಲ್ಲಿ ಬೆಂಕಿಯ ಗೋಡೆ ಏಳುತ್ತದೆ, ತಲಕಳಲೆಯವರ ತೇಲುವ ಎಲೆ ಸುಟ್ಟುಹೋಗುತ್ತದೆ.

2019ರಲ್ಲಿ ಪೆನಿಂಗ್ಟನ್ ಒಂದು ಕಡೆ, ಆಲ್ಮ್‌ಹೈರಿ ಮತ್ತು ಸಂಗಡಿಗರು ಇನ್ನೊಂದು ಕಡೆ, ಎಂಟ್ರೊಪಿ ಎಣಿಸುವ ನಿಯಮವನ್ನೇ ಸರಿಪಡಿಸಿ ಪೇಜ್ ಹೇಳಿದ ಇಳಿಕೆಯನ್ನು ಲೆಕ್ಕದಲ್ಲಿ ಪಡೆದರು. ಅದರ ಪ್ರಕಾರ ಆ ಹೊತ್ತಿನ ನಂತರ ಕುಳಿಯ ಒಳಭಾಗದ ಒಂದು ತುಂಡು, 'ದ್ವೀಪ' ಅಂತ ಕರೆಯುತ್ತಾರೆ, ಹೊರಗಿನ ವಿಕಿರಣದ ಖಾತೆಗೆ ಸೇರುತ್ತದೆ. ಒಳಗಿನ ಸಂಗಾತಿ ಮತ್ತು ಹಳೆಯ ವಿಕಿರಣ ಎರಡು ಬೇರೆ ವಸ್ತುಗಳು ಅಂತ ಎಣಿಸಿದ್ದೇ ತಪ್ಪಾಗಿತ್ತು ಅನ್ನುವುದು ಇದರ ಓದು. ಇದು ಮೊದಲು ನಿಂತದ್ದು ಕಡಿಮೆ ಆಯಾಮದ, ಹೊರಬರುವ ವಿಕಿರಣ ಹಿಡಿಯಲು ಹೊರಗೊಂದು 'ತೊಟ್ಟಿ' ಜೋಡಿಸಿದ ಸರಳ ಮಾದರಿಗಳಲ್ಲಿ. ನನ್ನ ಅಭಿಪ್ರಾಯದಲ್ಲಿ ಇದು ದೊಡ್ಡ ಹೆಜ್ಜೆ. ಆದರೆ ಮೊತ್ತ ಸರಿಬಂದಿದೆಯೇ ಹೊರತು, ಒಂದೊಂದು ಅಲೆ ಯಾವ ದಾರಿಯಲ್ಲಿ ಮಾಹಿತಿ ಹೊತ್ತು ಬರುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ. 'ಸಮಸ್ಯೆ ಬಗೆಹರಿಯಿತು' ಅಂತ ಮಕ್ಕಳಿಗೆ ಹೇಳಬೇಡಿ.

ಒಂದು ಕೊನೆಯ ತಿದ್ದುಪಡಿ, ಹೊಳೆಯ ಬಗ್ಗೆಯೇ. ಹೊಳೆಯ ಹೊರೈಝನ್ ಈ ಕ್ಷಣದ ಹರಿವು ನೋಡಿ ಗುರುತಿಸುವಂಥದ್ದು. ಕಪ್ಪುಕುಳಿಯ ಘಟನಾ ಹೊರೈಝನ್ ಹಾಗಲ್ಲ, ಅದನ್ನು ಗುರುತಿಸಲು ಮುಂದೆ ಏನಾಗುತ್ತದೆ ಅನ್ನುವುದೂ ಗೊತ್ತಿರಬೇಕು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಇವತ್ತು ನಿಂತ ಒಂದು ಹನಿ ಜೋಗದಲ್ಲಿ ಧುಮುಕುವ ಹನಿಯೋ, ಪೈಪಿಗೆ ಹೋಗಿ ಟರ್ಬೈನ್ ತಿರುಗಿಸುವ ಹನಿಯೋ ಅನ್ನುವುದು ನಾಳೆ ಗೇಟು ತೆರೆಯುತ್ತಾರೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆಯಲ್ಲ, ಹಾಗೆ. ಕುಳಿಯನ್ನು ಸುತ್ತುವರಿದ ಭಾರದ ಚಿಪ್ಪೊಂದು ನಾಳೆ ಬಂದು ಕುಳಿಗೆ ಬೀಳುವುದಿದ್ದರೆ, ಹೊರೈಝನ್ ಇಂದೇ ಹಿಗ್ಗಲು ಶುರುಮಾಡಿರುತ್ತದೆ. ಹಾಕಿಂಗ್ ತಾಪಮಾನಕ್ಕೆ ಬೇಕಾದದ್ದು ಈ ಕ್ಷಣದ ಸೆಳವಿನ ದರ ಮಾತ್ರ, ಅದು ನಿಧಾನವಾಗಿ ಬದಲಾಗುತ್ತಿದ್ದರೆ ಸಾಕು. ಆದ್ದರಿಂದ ನಿಮ್ಮ ಬೋರ್ಡಿನ ಸಾಲು ಹಾಗೇ ಇರಲಿ. 'ಘಟನಾ ಹೊರೈಝನ್ ಎಲ್ಲಿದೆ ಅಂತ ಹೊಳೆ ನೋಡಿದಂತೆ ನೋಡಿ ಹೇಳಬಹುದು' ಅನ್ನುವ ವಾಕ್ಯ ಮಾತ್ರ ಬೇಡ.